ಕ್ಯಾಸನೂರು ಕಾಡಿನ ಪ್ರಶ್ನೆ, ಹಕ್ಕಿ ಕಾಲಿನ ಉಂಗುರ: ಗುಡವಿಯ ಲೆಕ್ಕ ಇಡೋರು ಯಾರು?

ಸೊರಬ: ತಾಲೂಕಿನ ಎರಡು ಹೆಸರು ಹೊರಗಿನವರಿಗೂ ಗೊತ್ತು. ಒಂದು ಕ್ಯಾಸನೂರು, ಇನ್ನೊಂದು ಗುಡವಿ. ಮೊದಲನೆಯದು ಕಾಯಿಲೆಯಿಂದ ಹೆಸರಾಯ್ತು, ಎರಡನೆಯದು ಹಕ್ಕಿಗಳಿಂದ. ಎರಡೂ ಒಂದೇ ತಾಲೂಕಿನಲ್ಲಿರೋದು ಕಾಕತಾಳೀಯ ಇರಬಹುದು. ಆದರೆ ಎರಡರ ನಡುವೆ ಒಂದು ನಿಜವಾದ ಸಂಬಂಧ ಇದೆ, ಅದು ಇಲ್ಲಿನ ಬಹುತೇಕರಿಗೆ ಗೊತ್ತಿಲ್ಲ. ಭಾರತದಲ್ಲಿ ವಲಸೆ ಹಕ್ಕಿಗಳ ಕಾಲಿಗೆ ದೊಡ್ಡ ಪ್ರಮಾಣದಲ್ಲಿ ಉಂಗುರ ತೊಡಿಸೋ ಕೆಲಸ ಶುರುವಾಗಲು ಒಂದು ಮುಖ್ಯ ಕಾರಣ ಕ್ಯಾಸನೂರು ಕಾಡಿನಲ್ಲಿ ಸತ್ತುಬಿದ್ದ ಮಂಗಗಳು.

ಮಂಗನ ಕಾಯಿಲೆ ಕಾಣಿಸಿಕೊಂಡಾಗಲೆಲ್ಲ ಟೀ ಅಂಗಡಿ ಮುಂದೆ ಎರಡು ಮಾತು ಕೇಳಿಬರುತ್ತೆ. 'ಇದು ಹೊರದೇಶದ ಹಕ್ಕಿ ತಂದ ರೋಗ' ಅನ್ನೋದು ಒಂದು. 'ಅಮೆರಿಕದವರು ಬಿಟ್ಟ ರೋಗ' ಅನ್ನೋದು ಇನ್ನೊಂದು. ಎರಡೂ ಗಾಳಿಮಾತು ಅಂತ ತಳ್ಳಿಹಾಕೋದು ಸುಲಭ. ಆದರೆ ಎರಡಕ್ಕೂ ಹಿಂದೆ ಒಂದು ಇತಿಹಾಸ ಇದೆ. ಅದನ್ನ ತಿಳಿದರೆ ಇವತ್ತು ತಾಲೂಕಿಗೆ ಏನು ಬೇಕು ಅನ್ನೋದೂ ಸ್ಪಷ್ಟವಾಗುತ್ತೆ.

1957ರಲ್ಲಿ ಆಗಿದ್ದೇನು?

1957ರ ಬೇಸಿಗೆ. ಕ್ಯಾಸನೂರು ಕಾಡಿನಲ್ಲಿ ಮುಸಿಯ ಮತ್ತು ಮಂಗಗಳು ಸಾಲುಸಾಲಾಗಿ ಸತ್ತವು. ಅದೇ ಹೊತ್ತಿಗೆ ಸುತ್ತಲ ಹಳ್ಳಿಗಳಲ್ಲಿ ಜನಕ್ಕೆ ವಿಪರೀತ ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಆ ವರ್ಷ 400ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಬಂತು. ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅಂದರೆ ಅದೇ. 1952ರಲ್ಲಿ ರಾಕ್‌ಫೆಲ್ಲರ್ ಫೌಂಡೇಶನ್ ಸಹಯೋಗದಲ್ಲಿ ಶುರುವಾದ ಕೇಂದ್ರ ಅದು. ಅಮೆರಿಕದ ಟೆಲ್‌ಫರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಆ ಕೆಲಸದ ಮುಂಚೂಣಿಯಲ್ಲಿದ್ದರು.

ಮಂಗ ಸಾಯೋದು, ಜನಕ್ಕೆ ಜ್ವರ ಬರೋದು ಎರಡೂ ಒಟ್ಟಿಗೆ ಕಂಡಿದ್ದರಿಂದ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಆಫ್ರಿಕಾ, ದಕ್ಷಿಣ ಅಮೆರಿಕದಲ್ಲಿ ಅದು ಮಂಗಗಳನ್ನೂ ಮನುಷ್ಯರನ್ನೂ ಕಾಡುವ ರೋಗ. ಅದು ಭಾರತಕ್ಕೆ ಕಾಲಿಟ್ಟಿದ್ದರೆ ದೊಡ್ಡ ಅನಾಹುತವೇ ಆಗುತ್ತಿತ್ತು. ಆದರೆ ಪರೀಕ್ಷೆಯಲ್ಲಿ ಸಿಕ್ಕ ವೈರಸ್ ಬೇರೆಯೇ ಆಗಿತ್ತು. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ ಇದೆಯಲ್ಲ, ಅದೇ ಕುಟುಂಬಕ್ಕೆ ಸೇರಿದ ಹೊಸ ವೈರಸ್ ಇದು. ಸಿಕ್ಕ ಜಾಗದ ಹೆಸರಿನಿಂದಲೇ 'ಕ್ಯಾಸನೂರು ಕಾಡಿನ ಕಾಯಿಲೆ' ಅಂತ ಹೆಸರಾಯ್ತು. ಕೆಎಫ್‌ಡಿ ಅಂತ ಆರೋಗ್ಯ ಇಲಾಖೆಯವರು ಕರೆಯೋದು ಇದನ್ನೇ.

ಆಗ ಎದ್ದ ಪ್ರಶ್ನೆ ಸರಳ. ರಷ್ಯಾದ ವೈರಸ್‌ನ ನೆಂಟ ಸೊರಬಕ್ಕೆ ಹೇಗೆ ಬಂತು? ರಷ್ಯಾದಿಂದ ಇಲ್ಲಿಗೆ ಉಣುಗು ನಡೆದುಕೊಂಡು ಬರಲ್ಲ. ಮಂಗ ಬರಲ್ಲ. ಪ್ರತಿ ವರ್ಷ ಅಲ್ಲಿಂದ ಇಲ್ಲಿಗೆ ಬರೋದು ಹಕ್ಕಿ. ಚಳಿಗಾಲಕ್ಕೆ ಸೈಬೀರಿಯಾ ಬಿಟ್ಟು ಬರುವ ಹಕ್ಕಿಗಳ ಮೈಗೆ ಅಂಟಿಕೊಂಡ ಉಣುಗು ಈ ವೈರಸ್ ತಂದಿರಬಹುದೇ ಅನ್ನೋ ಅನುಮಾನ ಹುಟ್ಟಿದ್ದು ಹೀಗೆ. ಅನುಮಾನ ಪಟ್ಟವರು ದಾರಿಹೋಕರಲ್ಲ, ವಿಜ್ಞಾನಿಗಳೇ. ಆ ಕಾಲಕ್ಕೆ ಅದು ಕೇಳಲೇಬೇಕಾಗಿದ್ದ ಪ್ರಶ್ನೆ.

ಉಂಗುರ ಏನು ಹೇಳುತ್ತೆ?

ಅನುಮಾನ ಬಗೆಹರಿಯಬೇಕಾದರೆ ಯಾವ ಹಕ್ಕಿ ಎಲ್ಲಿಂದ ಹೊರಟು ಎಲ್ಲಿಗೆ ಬರುತ್ತೆ ಅನ್ನೋದು ಮೊದಲು ಗೊತ್ತಾಗಬೇಕಿತ್ತು. ಭಾರತದಲ್ಲಿ ಆ ಮಾಹಿತಿ ಆಗ ತೀರಾ ಕಮ್ಮಿ ಇತ್ತು. 1920ರ ದಶಕದಲ್ಲಿ ಸಣ್ಣ ಮಟ್ಟದಲ್ಲಿ ಬಾತುಗಳಿಗೆ ಉಂಗುರ ಹಾಕಿದ್ದು ಬಿಟ್ಟರೆ ದೊಡ್ಡ ಕೆಲಸ ನಡೆದಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಈ ಕೆಲಸ ಕೈಗೆತ್ತಿಕೊಂಡಿತು. ಮುಂದೆ ನಿಂತವರು ಡಾ. ಸಲೀಂ ಅಲಿ. ಗುಜರಾತಿನ ಕಛ್, ರಾಜಸ್ಥಾನದ ಭರತಪುರ, ತಮಿಳುನಾಡಿನ ಕೋಡಿಯಕ್ಕರೈ ಇಂಥ ಕಡೆ ಕ್ಯಾಂಪ್ ಹಾಕಿ ಹಕ್ಕಿ ಹಿಡಿದು ಉಂಗುರ ತೊಡಿಸಿದರು.

ಈ ವಿಧಾನ ಕಂಡುಹಿಡಿದಿದ್ದು ದೊಡ್ಡ ಪ್ರಯೋಗಾಲಯದಲ್ಲಲ್ಲ. 1899ರಲ್ಲಿ ಡೆನ್ಮಾರ್ಕಿನ ವಿಬೋರ್ಗ್ ಊರಿನ ಹಾನ್ಸ್ ಮಾರ್ಟೆನ್ಸೆನ್ ಅನ್ನೋ ಮೇಷ್ಟ್ರು ಅಲ್ಯೂಮಿನಿಯಂ ತಗಡಿನ ಉಂಗುರಕ್ಕೆ ನಂಬರ್, ವಿಳಾಸ ಕೊರೆದು ಹಕ್ಕಿಗಳ ಕಾಲಿಗೆ ಹಾಕಿ ಬಿಟ್ಟರು. ಅಂಥ ಹಕ್ಕಿ ಬೇರೆ ಎಲ್ಲೋ ಸಿಕ್ಕವರು ಪತ್ರ ಬರೆದರೆ ಅದರ ಪ್ರಯಾಣ ಗೊತ್ತಾಗುತ್ತೆ. ಲೆಕ್ಕಾಚಾರ ಇಷ್ಟೇ.

ಇವತ್ತಿಗೂ ಮೂಲ ವಿಧಾನ ಬದಲಾಗಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯ ಬಲೆ ಕಟ್ಟುತ್ತಾರೆ. ಬಿದ್ದ ಹಕ್ಕಿಯನ್ನ ಬಟ್ಟೆ ಚೀಲದಲ್ಲಿಟ್ಟು ತೂಕ ಹಾಕ್ತಾರೆ. ರೆಕ್ಕೆ, ಕೊಕ್ಕು, ಕಾಲಿನ ಅಳತೆ ತಗೊಳ್ತಾರೆ. ಗರಿ ನೋಡಿ ಮರಿಯೋ, ಬೆಳೆದ ಹಕ್ಕಿಯೋ ಅಂತ ಗುರುತಿಸ್ತಾರೆ. ನಂಬರ್ ಇರುವ ಉಂಗುರ ಹಾಕಿ, ಪುಸ್ತಕದಲ್ಲಿ ಬರೆದು, ಹಿಡಿದ ಜಾಗದಲ್ಲೇ ಬಿಡ್ತಾರೆ. ಹಕ್ಕಿ ಹಿಡಿಯೋದರಲ್ಲಿ ಬಿಹಾರದ ಮೀರ್ ಶಿಕಾರ್ ಸಮುದಾಯದವರು ಬಹಳ ಪಳಗಿದವರು. ತಲೆಮಾರುಗಳಿಂದ ಮಾರಾಟಕ್ಕೆ ಹಕ್ಕಿ ಹಿಡೀತಿದ್ದವರ ಆ ಕೈಚಳಕವೇ ಸೊಸೈಟಿಯ ಕೆಲಸಕ್ಕೆ ಆಧಾರವಾಯ್ತು. ಇದನ್ನ ಯಾರು ಬೇಕಾದರೂ ಮಾಡೋ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕೇ ಬೇಕು.

ಉಂಗುರದಿಂದ ದಾರಿ ಮಾತ್ರ ಅಲ್ಲ, ಸಂಖ್ಯೆಯೂ ಗೊತ್ತಾಗುತ್ತೆ. ಉದಾಹರಣೆಗೆ ಒಂದು ಕೆರೆಯಲ್ಲಿ 100 ಬಾತು ಹಿಡಿದು ಉಂಗುರ ಹಾಕಿ ಬಿಟ್ಟರು ಅಂದ್ಕೊಳ್ಳಿ. ಅವು ಉಳಿದವುಗಳ ಜೊತೆ ಬೆರೆತವು. ಕೆಲವು ದಿನ ಬಿಟ್ಟು ಮತ್ತೆ 100 ಹಿಡಿದರೆ ಅದರಲ್ಲಿ 10 ಬಾತಿಗೆ ಉಂಗುರ ಇತ್ತು. ಅಂದರೆ ಹತ್ತರಲ್ಲಿ ಒಂದಕ್ಕೆ ಉಂಗುರ ಇದೆ. ಹಾಗಾಗಿ ಕೆರೆಯಲ್ಲಿ ಸುಮಾರು 1000 ಬಾತು ಇರಬೇಕು. ಹೀಗೆ ವರ್ಷ ವರ್ಷ ಮಾಡಿದರೆ ಎಷ್ಟು ಬದುಕಿ ಉಳೀತಿವೆ, ಎಷ್ಟು ಮರಿ ಸೇರ್ಪಡೆ ಆಗ್ತಿವೆ ಅನ್ನೋದೂ ತಿಳಿಯುತ್ತೆ. ಅಂಗಡಿಯವರು ವರ್ಷದ ಕೊನೆಗೆ ಸ್ಟಾಕ್ ಲೆಕ್ಕ ಹಾಕಿದ ಹಾಗೆ. ಒಂದು ವರ್ಷದ ಲೆಕ್ಕದಿಂದ ಹೆಚ್ಚೇನೂ ಹೇಳೋಕಾಗಲ್ಲ. ಹತ್ತು ವರ್ಷದ ಪುಸ್ತಕ ಇದ್ದರೆ ವ್ಯಾಪಾರ ಏರ್ತಿದೆಯೋ ಇಳೀತಿದೆಯೋ ಗೊತ್ತಾಗುತ್ತೆ.

ಈಗ ಉಪಗ್ರಹಕ್ಕೆ ಸಂಕೇತ ಕಳಿಸೋ ಸಾಧನಗಳು ಬಂದಿವೆ. ಅದನ್ನ ಹಕ್ಕಿಯ ತೂಕದ ಶೇ 3ರಿಂದ 5ರ ಒಳಗೆ ಇರಿಸಬೇಕು ಅನ್ನೋ ರೂಢಿ ಇದೆ. ಹಾಗಾಗಿ ಸಣ್ಣ ಹಕ್ಕಿಗಳಿಗೆ ಹಾಕೋದು ಕಷ್ಟ, ಜೊತೆಗೆ ದುಬಾರಿ. ಉಂಗುರದ ಕೆಲಸ ಇನ್ನೂ ನಿಂತಿಲ್ಲದಿರೋದು ಇದಕ್ಕೇ. ದೊಡ್ಡ ಹಕ್ಕಿಗಳಿಗೆ ದೂರದಿಂದಲೇ ಓದಬಹುದಾದ ಕೊರಳಪಟ್ಟಿಯೂ ಇದೆ. ಮಂಗೋಲಿಯಾದಲ್ಲಿ ಇಂಥ ಪಟ್ಟಿ ಹಾಕಿದ ಪಟ್ಟೆತಲೆ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಹಿಮಾಲಯ ದಾಟಿ ಬಂದವು ಅಂತ ಗಟ್ಟಿಯಾಗಿ ಹೇಳೋಕೆ ಸಾಧ್ಯವಾಗಿದ್ದು ಆ ಪಟ್ಟಿಯ ನಂಬರನ್ನ ಯಾರೋ ಓದಿ ತಿಳಿಸಿದ್ದರಿಂದ.

ಹಕ್ಕಿಗೆ ಸಿಕ್ಕ ಕ್ಲೀನ್ ಚಿಟ್

ಉಂಗುರಗಳು ಹೇಳಿದ್ದೇನು? ಭರತಪುರದಲ್ಲಿ ಉಂಗುರ ಹಾಕಿದ ಬಾತುಗಳು ಮಧ್ಯ ಏಷ್ಯಾ, ಸೈಬೀರಿಯಾದಲ್ಲಿ ಸಿಕ್ಕವು. ಅಂದರೆ ಹಕ್ಕಿ ಅಲ್ಲಿಂದ ಇಲ್ಲಿಗೆ ಬರೋದು ನಿಜ. ಪ್ರಶ್ನೆಯ ಮೊದಲ ಅರ್ಧ ಸರಿ ಇತ್ತು.

ಆದರೆ ಸೈಬೀರಿಯಾದ ಹಕ್ಕಿ ಈ ವೈರಸ್ಸನ್ನ ಕ್ಯಾಸನೂರಿಗೆ ತಂದಿತು ಅನ್ನೋದಕ್ಕೆ ಪುರಾವೆ ಸಿಗಲೇ ಇಲ್ಲ. ರಷ್ಯಾದ ರೋಗ ಹರಡೋ ಉಣುಗಿನ ಜಾತಿಯೇ ಬೇರೆ. ಇಲ್ಲಿನ ಮುಖ್ಯ ಅಪರಾಧಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಅನ್ನೋ ಮಲೆನಾಡಿನದೇ ಉಣುಗು. ನೆಲದ ಮೇಲೆ ಮೇಯುವ ಕಾಡುಕೋಳಿಯಂಥ ಸ್ಥಳೀಯ ಹಕ್ಕಿಗಳ ಮೈಮೇಲೂ ಉಣುಗಿನ ಮರಿಗಳು ಸಿಗುತ್ತವೆ. ಹಾಗಂತ ಅವು ಹೊರಗಿನಿಂದ ರೋಗ ತಂದ ಹಾಗಾಗಲಿಲ್ಲ. ವೈರಸ್ ಸುತ್ತೋದು ಇಲ್ಲಿನ ಉಣುಗು, ಇಲ್ಲಿನ ಇಲಿ-ಹೆಗ್ಗಣದಂಥ ಸಣ್ಣ ಪ್ರಾಣಿ, ಇಲ್ಲಿನ ಮಂಗಗಳ ನಡುವೆ.

1960ರ ದಶಕದಲ್ಲಿ ಇಲ್ಲಿನ ಕಾಡಲ್ಲಿ ಕೆಲಸ ಮಾಡಿದ ಬೊಶೆಲ್ ಅನ್ನೋ ವಿಜ್ಞಾನಿ ಕಾರಣವನ್ನ ಆಕಾಶದಲ್ಲಿ ಹುಡುಕದೆ ನೆಲದಲ್ಲಿ ಹುಡುಕಿದರು. ಜನಸಂಖ್ಯೆ ಏರಿ, ಕಾಡಿನ ಅಂಚು ಕಡಿದು, ದನಗಳು ಕಾಡೊಳಗೆ ಮೇಯೋದು ಹೆಚ್ಚಾದಾಗ ಉಣುಗಿಗೆ ಊಟ ಸಮೃದ್ಧಿಯಾಯ್ತು. ದನದ ರಕ್ತ ಕುಡಿದ ಉಣುಗು ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ. ಕಾಡಿನೊಳಗೆ ಹಿಂದಿನಿಂದಲೂ ಸದ್ದಿಲ್ಲದೆ ಇದ್ದ ವೈರಸ್ ಜನರ ದಾರಿಗೆ ಬಂದಿದ್ದು ಹೀಗೆ ಅನ್ನೋದು ಅವರ ವಾದ. ಕಾಡು, ತೋಟ, ಮೇವಿನ ಜಾಗ ಬೆರೆತಿರುವ ಪ್ರದೇಶದಲ್ಲೇ ಅಪಾಯ ಹೆಚ್ಚು ಅಂತ ಇತ್ತೀಚಿನ ಅಧ್ಯಯನಗಳೂ ಹೇಳಿವೆ.

ಕಥೆ ಇಲ್ಲಿಗೆ ಪೂರ್ತಿ ಮುಗೀಲಿಲ್ಲ ಅನ್ನೋದನ್ನೂ ಹೇಳಬೇಕು. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಅಲ್ಖುರ್ಮಾ ಅನ್ನೋ ವೈರಸ್ ಸಿಕ್ಕಿತು. ಅದು ಕ್ಯಾಸನೂರು ವೈರಸ್ಸಿಗೆ ಬಹಳ ಹತ್ತಿರದ ಸಂಬಂಧಿ. ಎರಡೂ ಯಾವಾಗ, ಹೇಗೆ ಬೇರೆಯಾದವು ಅನ್ನೋ ಚರ್ಚೆ ವಿಜ್ಞಾನಿಗಳಲ್ಲಿ ಇವತ್ತಿಗೂ ಇದೆ. ಆದರೆ ಊರಲ್ಲಿ ಜ್ವರ ಬಂದ ತಕ್ಷಣ ಗುಡವಿಯ ಹಕ್ಕಿ ಕಡೆ ಬೆರಳು ತೋರಿಸೋಕೆ ಯಾವ ಆಧಾರವೂ ಇಲ್ಲ. ಮಂಗವೂ ಅಷ್ಟೇ. ಹೆಸರು 'ಮಂಗನ ಕಾಯಿಲೆ' ಆದರೂ ಮನುಷ್ಯನಿಗಿಂತ ಮೊದಲು ಸಾಯೋದು ಮಂಗವೇ.

ಅಮೆರಿಕದ ಹಣದ ವಿಷಯ

ಟೀ ಅಂಗಡಿಯ ಎರಡನೇ ಮಾತಿಗೆ ಬರೋಣ. 1960ರ ದಶಕದಲ್ಲಿ ಸೊಸೈಟಿಯ ಉಂಗುರದ ಕೆಲಸಕ್ಕೆ ಹಣ ಬೇರೆ ಕಡೆಯಿಂದ ಬರತೊಡಗಿತು. ಏಷ್ಯಾದ ಹಲವು ದೇಶಗಳಲ್ಲಿ ಒಟ್ಟಿಗೆ ನಡೀತಿದ್ದ ಆ ಯೋಜನೆಯ ನಿರ್ದೇಶಕ ಎಲಿಯಟ್ ಮೆಕ್ಲೂರ್ ಅನ್ನೋ ಅಮೆರಿಕದ ಪಕ್ಷಿ ವಿಜ್ಞಾನಿ. ಹಣ ಕೊಟ್ಟಿದ್ದು ಅಮೆರಿಕದ ಸೇನೆ. ಏಷ್ಯಾದಲ್ಲಿದ್ದ ತನ್ನ ಸೈನಿಕರಿಗೆ ಹಕ್ಕಿಯಿಂದ ಯಾವ ರೋಗ ತಗಲಬಹುದು ಅನ್ನೋದು ಸೇನೆಯ ಆಸಕ್ತಿ. ಯಾವ ಹಕ್ಕಿ ಎಲ್ಲಿಗೆ ಹೋಗುತ್ತೆ ಅನ್ನೋದು ಪಕ್ಷಿ ವಿಜ್ಞಾನಿಗಳ ಆಸಕ್ತಿ. ಒಂದೇ ಉಂಗುರದಿಂದ ಇಬ್ಬರ ಕೆಲಸವೂ ಆಗ್ತಿತ್ತು. ಏಷ್ಯಾದಲ್ಲಿ ಒಟ್ಟು 10 ಲಕ್ಷಕ್ಕೂ ಹೆಚ್ಚು ಹಕ್ಕಿಗಳಿಗೆ ಆ ಯೋಜನೆಯಲ್ಲಿ ಉಂಗುರ ಬಿತ್ತು.

1970ರ ದಶಕದ ಮಧ್ಯದಲ್ಲಿ ಇದು ದೆಹಲಿಯಲ್ಲಿ ದೊಡ್ಡ ಸುದ್ದಿಯಾಯ್ತು. ಹಕ್ಕಿ ಮೂಲಕ ರೋಗಾಣು ಹರಡೋದು ಹೇಗೆ ಅಂತ ತಿಳಿಯೋಕೆ ಅಮೆರಿಕ ಭಾರತದ ನೆಲ ಬಳಸ್ತಿದೆ ಅನ್ನೋ ಆರೋಪ ಬಂತು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿದೇಶಿ ಹಣದ ಹಲವು ಸಂಶೋಧನೆಗಳ ಜೊತೆ ಇದನ್ನೂ ಪ್ರಶ್ನಿಸಿತು. ಸಲೀಂ ಅಲಿ ಆರೋಪ ತಳ್ಳಿಹಾಕಿದರು. ಹಕ್ಕಿಯ ದಾರಿ ತಿಳಿಯೋ ಕೆಲಸ ಬಿಟ್ಟು ಬೇರೇನೂ ನಡೆದಿಲ್ಲ ಅನ್ನೋದು ಅವರ ನಿಲುವು. ವಿಯೆಟ್ನಾಂ ಯುದ್ಧ, ಬಾಂಗ್ಲಾ ಯುದ್ಧದ ಹೊತ್ತಿನ ಕಹಿ ಇನ್ನೂ ಹಸಿಯಾಗಿದ್ದ ಕಾಲ ಅದು. ಹಾಗಾಗಿ ಜನರ ಅನುಮಾನಕ್ಕೂ ಅರ್ಥ ಇತ್ತು.

ಆದರೆ ಲೆಕ್ಕ ಸರಿಯಾಗಿ ನೋಡಬೇಕು. ಮಂಗನ ಕಾಯಿಲೆ ಕಾಣಿಸಿಕೊಂಡಿದ್ದು 1957ರಲ್ಲಿ. ಅಮೆರಿಕದ ಸೇನೆಯ ಹಣ ಉಂಗುರದ ಕೆಲಸಕ್ಕೆ ಬಂದಿದ್ದು ಅದಾಗಿ ವರ್ಷಗಳ ಮೇಲೆ. ಹಣದಿಂದ ರೋಗ ಬರಲಿಲ್ಲ, ರೋಗ ಬಂದ ಮೇಲೆ ಹಣ ಬಂತು. ಈ ಪ್ರಕರಣದಿಂದ ನಿಜವಾಗಿ ನಷ್ಟವಾಗಿದ್ದು ನಂಬಿಕೆಗೆ. ಯಾರ ದುಡ್ಡು, ಯಾಕೆ ಕೊಡ್ತಿದಾರೆ, ಸಿಕ್ಕ ಮಾಹಿತಿ ಎಲ್ಲಿಗೆ ಹೋಗುತ್ತೆ ಅಂತ ಊರಿನವರಿಗೆ ಮೊದಲೇ ಹೇಳಿದ್ದರೆ ಅರ್ಧ ಶತಮಾನ ಕಳೆದರೂ ಈ ಮಾತು ಉಳೀತಿರಲಿಲ್ಲ. ಇವತ್ತು ಕಾಡಿಗೆ ಸಂಶೋಧನೆಗೆ ಬರೋ ಯಾವ ತಂಡಕ್ಕಾದರೂ ಈ ಪಾಠ ಅನ್ವಯಿಸುತ್ತೆ.

ಗುಡವಿಯ ಹಕ್ಕಿ ಎಲ್ಲಿಯವು?

ಗುಡವಿ ಪಕ್ಷಿಧಾಮಕ್ಕೆ ಬರುವ ಪ್ರವಾಸಿಗರಿಗೆ 'ಸೈಬೀರಿಯಾದಿಂದ, ಆಸ್ಟ್ರೇಲಿಯಾದಿಂದ ಬಂದ ಹಕ್ಕಿ' ಅಂತ ಹೇಳೋದು ರೂಢಿ. ಕೇಳೋಕೆ ಚೆಂದ. ಆದರೆ ಒಂದು ಸಾದಾ ನಿಯಮ ನೆನಪಿಟ್ಟುಕೊಂಡರೆ ಸಾಕು. ಸೈಬೀರಿಯಾ, ಮಂಗೋಲಿಯಾದಿಂದ ಬರೋ ಹಕ್ಕಿಗಳು ಅಲ್ಲೇ ಗೂಡು ಕಟ್ಟಿ, ಅಲ್ಲೇ ಮರಿ ಮಾಡಿ, ಚಳಿ ತಡೆಯೋಕಾಗದೆ ಮೇವಿಗೆ ಮಾತ್ರ ಇಲ್ಲಿಗೆ ಬರುತ್ತವೆ. ಬರೋದು ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ, ಹೋಗೋದು ಮಾರ್ಚ್-ಏಪ್ರಿಲ್‌ನಲ್ಲಿ. ಇಲ್ಲಿ ಗೂಡು ಕಟ್ಟಲ್ಲ.

ಗುಡವಿಯಲ್ಲಿ ಮಳೆಗಾಲಕ್ಕೆ ಮರದ ತುಂಬ ಗೂಡು ಕಟ್ಟೋದು ಕರಿತಲೆಯ ಬಿಳಿ ಐಬಿಸ್, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ. ಇವು ಈ ನೆಲದವೇ. ಮಳೆ, ಮೇವು, ನೀರು ನೋಡಿಕೊಂಡು ದೇಶದೊಳಗೇ ಊರಿಂದೂರಿಗೆ ಓಡಾಡುವ ಹಕ್ಕಿಗಳು. ಶಿವಮೊಗ್ಗ-ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಲ್ಲಿ ತುಂಗಾ ನದಿಯ ನಡುಗಡ್ಡೆಯ ಮರಗಳಿಗೆ ಬರುವ ಬೆಳ್ಳಕ್ಕಿಗಳೂ ಹಾಗೇ. ಹೊರದೇಶದ ನೆಂಟರಲ್ಲ, ಹೆರಿಗೆಗೆ ತವರಿಗೆ ಬರೋ ಮನೆಮಗಳು.

ಇದು ಬರೀ ಹೆಸರಿನ ಪ್ರಶ್ನೆ ಅಲ್ಲ. ವಿದೇಶಿ ಹಕ್ಕಿ ಕಡಿಮೆಯಾದರೆ 'ಸೈಬೀರಿಯಾದಲ್ಲಿ ಏನೋ ಆಗಿರಬೇಕು' ಅಂತ ಸುಮ್ಮನಿರಬಹುದು. ಇಲ್ಲೇ ಹುಟ್ಟೋ ಹಕ್ಕಿ ಕಡಿಮೆಯಾದರೆ ಕಾರಣ ಇಲ್ಲೇ ಹುಡುಕಬೇಕು. ನೀರಲ್ಲಿ ನಿಂತ ಮರದ ಮೇಲೆ ಇವು ಗೂಡು ಕಟ್ಟೋದು ಕೆಳಗಿನಿಂದ ಶತ್ರು ಹತ್ತದಿರಲಿ ಅಂತ. ಮಳೆ ತಡವಾಗಿ ಕೆರೆ ತುಂಬದಿದ್ದರೆ ಗೂಡೂ ತಡ. ಮರಿಗೆ ಬೇಕಾದ ಕಪ್ಪೆ, ಮೀನು, ಹುಳ ಸಿಗೋದು ಸುತ್ತಲ ಗದ್ದೆ, ಕಾಲುವೆ, ಹೊಂಡಗಳಲ್ಲಿ. ಭತ್ತದ ಗದ್ದೆ ಅಡಿಕೆ ತೋಟವಾಗ್ತಿರೋದು ತಾಲೂಕಿನ ಯಾವ ರಸ್ತೆಯಲ್ಲಿ ಹೋದರೂ ಕಣ್ಣಿಗೆ ಬೀಳುತ್ತೆ. ರೈತ ಲಾಭ ನೋಡೋದು ತಪ್ಪಲ್ಲ. ಆದರೆ ಅದರಿಂದ ಗುಡವಿಯ ಗೂಡು ಹೆಚ್ಚಾಯ್ತೋ ಕಮ್ಮಿಯಾಯ್ತೋ ಅನ್ನೋದಕ್ಕೆ ಉತ್ತರ ಬೇಕಾದರೆ ವರ್ಷ ವರ್ಷದ ಗೂಡಿನ ಲೆಕ್ಕ ಬೇಕು.

ಇಲ್ಲಿ ಒಂದು ತೊಡಕಿದೆ. ನೀರುಹಕ್ಕಿಗಳ ಅಂತರರಾಷ್ಟ್ರೀಯ ಗಣತಿ 1987ರಿಂದ ಏಷ್ಯಾದ ದೇಶಗಳಲ್ಲಿ ನಡೀತಾ ಬಂದಿದೆ. ನಡೆಯೋದು ಪ್ರತಿ ಜನವರಿಯಲ್ಲಿ. ವಲಸೆ ಬಾತು, ಹೆಬ್ಬಾತು ಎಣಿಸೋಕೆ ಅದೇ ಸರಿಯಾದ ಕಾಲ. ಆದರೆ ಗುಡವಿಯಲ್ಲಿ ಗೂಡಿನ ಗದ್ದಲ ಇರೋದು ಮಳೆಗಾಲದಲ್ಲಿ, ಜೂನ್ ನಂತರ. ಜನವರಿಯಲ್ಲಿ ಬಂದು ಎಣಿಸಿದರೆ ಜಾತ್ರೆ ಮುಗಿದ ಮೇಲೆ ಬಂದು ಜನ ಎಷ್ಟು ಅಂತ ಕೇಳಿದ ಹಾಗೆ. ಗುಡವಿಗೆ, ಮಂಡಗದ್ದೆಗೆ ಮಳೆಗಾಲದ ಗೂಡಿನ ಎಣಿಕೆ ಬೇಕು. ಎಣಿಸಿದ ಸಂಖ್ಯೆ ಕಡತದಲ್ಲಿ ಇದ್ದರೆ ಸಾಲದು, ಪಕ್ಷಿಧಾಮದ ಬಾಗಿಲಲ್ಲೇ ಫಲಕ ಹಾಕಿ ವರ್ಷವಾರು ಬರೆಯಬೇಕು.

ಕೋಳಿ ಅಂಗಡಿಗೂ ಇದಕ್ಕೂ ಏನು ಸಂಬಂಧ?

ಹಕ್ಕಿ ಲೆಕ್ಕ ಅಂದರೆ ಪೇಟೆಯವರಿಗೆ ಕೆಲಸವಿಲ್ಲದವರ ಹವ್ಯಾಸ ಅನ್ನಿಸಬಹುದು. ಹಕ್ಕಿಜ್ವರದ ಸುದ್ದಿ ಬಂದ ದಿನ ಆ ಅಭಿಪ್ರಾಯ ಬದಲಾಗುತ್ತೆ. ಭಾರತದಲ್ಲಿ ಎಚ್5ಎನ್1 ಮೊದಲು ಕಾಣಿಸಿದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. 2025ರ ಆರಂಭದಲ್ಲಿ ನಮ್ಮ ರಾಜ್ಯದ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲೂ ಕೋಳಿಗಳಲ್ಲಿ ಪತ್ತೆಯಾಯ್ತು. ಎಲ್ಲೋ ಒಂದು ಫಾರಂನಲ್ಲಿ ರೋಗ ಬಂದರೆ ನೂರಾರು ಕಿಲೋಮೀಟರ್ ದೂರದ ಕೋಳಿ ಅಂಗಡಿ, ಮಾಂಸಾಹಾರಿ ಹೋಟೆಲ್, ಮೊಟ್ಟೆ ವ್ಯಾಪಾರ ಎಲ್ಲಕ್ಕೂ ಪೆಟ್ಟು. ಚೆನ್ನಾಗಿ ಬೇಯಿಸಿದ ಕೋಳಿ, ಮೊಟ್ಟೆ ತಿಂದರೆ ಅಪಾಯ ಇಲ್ಲ ಅಂತ ವೈದ್ಯರು ಎಷ್ಟು ಹೇಳಿದರೂ ಭಯ ಹೋಗಲ್ಲ.

ಆ ಹೊತ್ತಲ್ಲಿ ಮೊದಲು ಬೇಕಾಗೋದು ಮಾಹಿತಿ. 2020ರ ಡಿಸೆಂಬರ್ ಕೊನೆಯಲ್ಲಿ ಹಿಮಾಚಲ ಪ್ರದೇಶದ ಪಾಂಗ್ ಜಲಾಶಯದಲ್ಲಿ ಹಕ್ಕಿಗಳು ಸಾಯತೊಡಗಿದವು. ಕೆಲವೇ ವಾರದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಸತ್ತವು, ಹೆಚ್ಚಿನವು ಪಟ್ಟೆತಲೆ ಹೆಬ್ಬಾತು. ಎಚ್5ಎನ್1 ಅಂತ ಬೇಗನೆ ಖಚಿತವಾಯ್ತು. ವರ್ಷವೂ ಲಕ್ಷ ಹಕ್ಕಿ ಎಣಿಸೋ ಜಾಗ ಅದು. ಯಾವ ಹಕ್ಕಿ ಎಲ್ಲಿ ಎಷ್ಟಿರಬೇಕು ಅಂತ ಗೊತ್ತಿದ್ದ ಕಡೆ ಏರುಪೇರು ಆದ ತಕ್ಷಣ ಕಣ್ಣಿಗೆ ಬೀಳುತ್ತೆ.

ಇದಕ್ಕೆ ಒಂದು ವರ್ಷ ಮೊದಲು, 2019ರ ನವೆಂಬರ್‌ನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ 18 ಸಾವಿರದಷ್ಟು ಹಕ್ಕಿಗಳು ಸತ್ತಿದ್ದವು. ಅಲ್ಲೂ ಮೊದಲು ಬಂದ ಭಯ ಹಕ್ಕಿಜ್ವರದ್ದೇ. ಪರೀಕ್ಷೆಯಲ್ಲಿ ಗೊತ್ತಾಗಿದ್ದು ಬಾಟುಲಿಸಂ, ಅಂದರೆ ಬ್ಯಾಕ್ಟೀರಿಯಾದ ವಿಷ. ಅದು ಹಕ್ಕಿಜ್ವರದ ಹಾಗೆ ಕೋಳಿ ಫಾರಂಗಳಿಗೆ ಹಬ್ಬೋ ಸಾಂಕ್ರಾಮಿಕ ಅಲ್ಲ. ಹಾಗಾಗಿ ಕೆರೆ ದಂಡೆಯಲ್ಲಿ ಹಕ್ಕಿ ಸತ್ತಿದ್ದರೆ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕೋ ಮೊದಲು ಪಶು ಇಲಾಖೆಗೆ ತಿಳಿಸೋದು ಜಾಣತನ. ಸುಳ್ಳು ಸುದ್ದಿಯಿಂದ ಮೊದಲು ಮುಚ್ಚೋದು ಊರಿನದೇ ಅಂಗಡಿ.

ದೇಶದ ಲೆಕ್ಕ, ತಾಲೂಕಿನ ಲೆಕ್ಕ

ಬಿಡಿ ಬಿಡಿ ಲೆಕ್ಕ ಸೇರಿದರೆ ಎಂಥ ಚಿತ್ರ ಸಿಗುತ್ತೆ ಅನ್ನೋದಕ್ಕೆ 2023ರಲ್ಲಿ ಬಂದ 'ಭಾರತದ ಹಕ್ಕಿಗಳ ಸ್ಥಿತಿಗತಿ' ವರದಿ ಉದಾಹರಣೆ. 30 ಸಾವಿರಕ್ಕೂ ಹೆಚ್ಚು ಹಕ್ಕಿ ವೀಕ್ಷಕರು ಬರೆದಿಟ್ಟ ಪಟ್ಟಿಗಳ ಮೇಲೆ ನಿಂತ ವರದಿ ಅದು. 942 ಜಾತಿಗಳನ್ನ ಪರಿಶೀಲಿಸಿತು. ದೀರ್ಘಾವಧಿಯ ಮಾಹಿತಿ ಸಿಕ್ಕಿದ್ದು 338 ಜಾತಿಗಳಿಗೆ ಮಾತ್ರ. ಅವುಗಳಲ್ಲಿ ಶೇ 60ರಷ್ಟು ಇಳಿಮುಖ. 178 ಜಾತಿಗಳಿಗೆ ತುರ್ತು ಗಮನ ಬೇಕು ಅಂತ ಹೇಳಿತು. ನವಿಲಿನಂಥವು ಹೆಚ್ಚಾಗಿವೆ, ಅದು ಬೆಳೆ ಇಟ್ಟ ರೈತರಿಗೆ ವರದಿ ಇಲ್ಲದೆಯೂ ಗೊತ್ತು. ದೂರದಿಂದ ವಲಸೆ ಬರುವ ಹಕ್ಕಿಗಳಲ್ಲಿ ಇಳಿಕೆ ಜೋರಾಗಿದೆ.

ಗಮನಿಸಬೇಕಾದ್ದು 942 ಮತ್ತು 338ರ ನಡುವಿನ ಅಂತರ. ಸುಮಾರು ಮೂರರಲ್ಲಿ ಎರಡು ಜಾತಿಗಳ ಬಗ್ಗೆ ದೀರ್ಘಾವಧಿಯ ಮಾತು ಹೇಳೋಕೆ ಸಾಕಷ್ಟು ಲೆಕ್ಕವೇ ಇರಲಿಲ್ಲ. ಪಕ್ಕದ ಕೇರಳ 2015ರಿಂದ 2020ರವರೆಗೆ ಇಡೀ ರಾಜ್ಯವನ್ನ ಚೌಕ ಚೌಕವಾಗಿ ಹಂಚಿಕೊಂಡು ಸ್ವಯಂಸೇವಕರಿಂದಲೇ ಹಕ್ಕಿ ಗಣತಿ ಮುಗಿಸಿತು. ನಮ್ಮ ಮೈಸೂರು ನಗರದಲ್ಲೂ ಇಂಥ ಗಣತಿ ನಡೆದಿದೆ. ಒಂದು ತಾಲೂಕಿಗೆ ಅಸಾಧ್ಯ ಅನ್ನೋ ಕೆಲಸ ಅಲ್ಲ.

ಇದಕ್ಕೆ ಹೊಸ ಕಚೇರಿ ಕಟ್ಟಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಹಕ್ಕಿಗಳ ದಾಖಲೆ ಪುಸ್ತಕ ಬರೆಯೋದೇ ಅದರ ಕೆಲಸ. ಪ್ರತಿ ವರ್ಷ ಆಗಸ್ಟ್‌ನಲ್ಲಿ ಒಂದು ದಿನ, ಅದೇ ಜಾಗದಲ್ಲಿ ನಿಂತು, ಅದೇ ಮರಗಳ ಗೂಡು ಎಣಿಸಿ ಆ ಪುಸ್ತಕಕ್ಕೆ ಸೇರಿಸಿದರೆ ಸಾಕು. ಹೈಸ್ಕೂಲ್ ಮಕ್ಕಳು, ಪಿಯು ಕಾಲೇಜಿನ ಎನ್ನೆಸ್ಸೆಸ್ ಘಟಕ, ಅರಣ್ಯ ಇಲಾಖೆಯ ವೀಕ್ಷಕರು ಸೇರಿದರೆ ಅರ್ಧ ದಿನದ ಕೆಲಸ. ಈ ಸಲ ಎಣಿಸಿ ಮುಂದಿನ ಸಲ ಬಿಟ್ಟರೆ ಮಾತ್ರ ಪ್ರಯೋಜನ ಇಲ್ಲ. ವಿಧಾನ ಬದಲಿಸಿದರೂ ಇಲ್ಲ. ಒಂದು ವರ್ಷ ಬೆಳಗ್ಗೆ, ಇನ್ನೊಂದು ವರ್ಷ ಸಂಜೆ ಎಣಿಸಿದರೆ ಎರಡನ್ನ ಹೋಲಿಸೋಕೆ ಬರಲ್ಲ.

ಮಂಗನ ಕಾಯಿಲೆಯ ವಿಷಯದಲ್ಲೂ ಇದೇ ಮಾತು. ಈ ಕಾಯಿಲೆ ಬಂದವರಲ್ಲಿ ಶೇ 3ರಿಂದ 5ರಷ್ಟು ಜನ ಸಾಯ್ತಾರೆ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗ ಅನುಭವಿಸಿದ್ದನ್ನ ಯಾರೂ ಮರೆತಿಲ್ಲ. ಪರಿಣಾಮ ಸಾಲದು ಅಂತ ಹಳೇ ಲಸಿಕೆ 2022ರಲ್ಲಿ ನಿಂತಿದೆ, ಹೊಸದಕ್ಕೆ ಪ್ರಯತ್ನ ನಡೀತಿದೆ. ಅಲ್ಲಿವರೆಗೆ ಇರೋ ದೊಡ್ಡ ಎಚ್ಚರಿಕೆ ಗಂಟೆ ಅಂದರೆ ಕಾಡಂಚಲ್ಲಿ ಸತ್ತ ಮಂಗದ ಸುದ್ದಿ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಮುಟ್ಟೋದು. ಮಂಗ ಸತ್ತ ಜಾಗದಲ್ಲಿ ಅದರ ಮೈ ಬಿಟ್ಟ ಉಣುಗು ಉದುರಿರುತ್ತೆ. ಮುಂದೆ ದರಗು ಗುಡಿಸೋಕೆ, ಸೌದೆಗೆ ಹೋದವರಿಗೆ ಅಪಾಯ ಕಾದಿರುತ್ತೆ. ಸತ್ತ ಮಂಗದ ವಿಷಯ ತಿಳಿಸೋದೂ ಒಂದು ಗಣತಿಯೇ.

ಜನ ಏನು ಮಾಡಬಹುದು?

ಉಂಗುರ ಅಥವಾ ಬಣ್ಣದ ಪಟ್ಟಿ ಇರುವ ಜೀವಂತ ಹಕ್ಕಿ ಕಂಡರೆ ಹಿಡಿಯಬೇಡಿ, ಉಂಗುರ ಬಿಚ್ಚಬೇಡಿ. ಫೋಟೊ ತೆಗೀರಿ. ನಂಬರ್, ಬಣ್ಣ, ಯಾವ ಕಾಲು, ಜಾಗ, ದಿನಾಂಕ ಬರೆದು ಅರಣ್ಯ ಇಲಾಖೆಗೋ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೋ ತಿಳಿಸಿ.

ಸತ್ತ ಹಕ್ಕಿಯನ್ನ ಬರಿಗೈಲಿ ಮುಟ್ಟಬೇಡಿ, ಮಕ್ಕಳಿಗೂ ಬಿಡಬೇಡಿ. ಕಾಲಲ್ಲಿ ಉಂಗುರ ಇದ್ದರೆ ದೂರದಿಂದಲೇ ಫೋಟೊ ತೆಗೆದು ಪಶು ಆಸ್ಪತ್ರೆಗೆ ತಿಳಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಸಿಬ್ಬಂದಿಗೋ ಹೇಳಿ.

ಉಂಗುರ ಹಾಕಿದ ಹಕ್ಕಿಗಳಲ್ಲಿ ಮತ್ತೆ ಸುದ್ದಿ ಸಿಗೋದು ತೀರಾ ಕೆಲವಕ್ಕೆ ಮಾತ್ರ. ಹಾಗೆ ಸಿಕ್ಕ ಬಹಳಷ್ಟು ಸುದ್ದಿಗಳ ಹಿಂದೆ ವಿಜ್ಞಾನಿ ಇರಲ್ಲ. ಒಬ್ಬ ರೈತ, ಬೇಟೆಗಾರ, ಮೀನುಗಾರ, ದನಗಾಹಿ ಅಥವಾ ಒಬ್ಬ ಹುಡುಗ ಇರ್ತಾನೆ. ಅರ್ಧ ಕೆಲಸ ಉಂಗುರ ಹಾಕಿದವರದ್ದು, ಉಳಿದರ್ಧ ನೋಡಿ ತಿಳಿಸಿದವರದ್ದು. ಆರು ದಶಕದ ಹಿಂದೆ ಸೊರಬದ ಕಾಡು ಒಂದು ಪ್ರಶ್ನೆ ಎತ್ತಿದಾಗ ಉತ್ತರಕ್ಕೆ ಕಛ್‌ವರೆಗೆ, ಸೈಬೀರಿಯಾವರೆಗೆ ಹೋಗಬೇಕಾಯ್ತು. ಈಗಿನ ಪ್ರಶ್ನೆಗೆ ಅಷ್ಟು ದೂರ ಹೋಗಬೇಕಿಲ್ಲ. ಗುಡವಿಯಲ್ಲಿ ಈ ಮಳೆಗಾಲ ಎಷ್ಟು ಗೂಡು? ಹೋದ ಮಳೆಗಾಲ ಎಷ್ಟಿತ್ತು? ಸಂಬಂಧಪಟ್ಟ ಪಂಚಾಯಿತಿ ಮತ್ತು ಅರಣ್ಯ ಇಲಾಖೆ ಈ ಎರಡು ಸಂಖ್ಯೆಯನ್ನ ಜನರ ಮುಂದೆ ಫಲಕದಲ್ಲಿ ಬರೆದರೆ ಅಲ್ಲಿಂದ ಶುರುಮಾಡಬಹುದು.